ಕಬ್ಬಿಣ ತಾಗಬಾರದ ಹೋತ

ಸೋಮವಾರ ಬೆಳಿಗ್ಗೆ ಹಲಸೂರಿನ ನಮ್ಮ ಪಶು ಚಿಕಿತ್ಸಾಲಯದ ಮುಂದೆ ಒಂದು ಆಟೋ ಬಂದು ನಿಂತಿತು. ಚಾಲಕ ಕೆಳಗಿಳಿದವನೇ ಮೂಗು ಮುಚ್ಚಿಕೊಂಡು, "ಬೇಗ ಇಳ್ಸಮ್ಮಾ, ಗಾಡಿಯೆಲ್ಲ ಗಬ್ಬು ನಾತ. ಇವತ್ತು ಯಾವ್ ಪ್ಯಾಸೆಂಜರ್ ಹತ್ತಾನೆ ಹೇಳು?" ಎಂದು ಗೊಣಗಿದ. ಒಳಗಿನಿಂದ ಮೊದಲು ಎರಡು ಕೊಂಬು ಹೊರಬಂದವು, ಆಮೇಲೆ ಒಂದು ಕಪ್ಪು ಹೋತ, ಅದರ ಹಿಂದೆ ಅದನ್ನು ತಬ್ಬಿಕೊಂಡೇ ಕೂತಿದ್ದ ಹೆಂಗಸು. ನಾನು ರಿಜಿಸ್ಟರ್ ಬರೆಯುವುದನ್ನು ಅರ್ಧಕ್ಕೇ ಬಿಟ್ಟು ಬಾಗಿಲಿಗೆ ಬಂದೆ. ಕರೆದದ್ದು ಹೆಂಗಸಲ್ಲ, ಆ ನಾತ.

ಬೀಜ ಒಡೆಯದ ಹೋತದ ನಾತ ಸಹಿಸುವುದು ಎಲ್ಲರಿಗೂ ಆಗುವ ಕೆಲಸವಲ್ಲ. ನನಗೆ ಮಾತ್ರ ಅದು ನಮ್ಮ ಹಿತ್ತಲಿನ ವಾಸನೆ. ನಮ್ಮೂರು ಕೃಷ್ಣೆಯ ದಂಡೆಯ ಮೇಲಿತ್ತು. ಇತ್ತು ಎನ್ನುತ್ತೇನೆ, ಏಕೆಂದರೆ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಅಲ್ಲಿ ಈಗ ಮೀನು ಹಿಡಿಯುತ್ತಾರೆ. ಹೊಸ ಕಾಲೊನಿಯಲ್ಲಿ ಆಡು ಕಟ್ಟಲು ಜಾಗವಿಲ್ಲವೆಂದು ಅಪ್ಪ ಇದ್ದ ಆಡುಗಳನ್ನೆಲ್ಲ ಒಂದೇ ಸಂತೆಯಲ್ಲಿ ಮಾರಿಬಿಟ್ಟ. ಆಡಿನ ವೈದ್ಯ ಮಾಡಬೇಕೆಂದೇ ಪಶುವೈದ್ಯ ಓದಿದವಳು ನಾನು. ಕೆಲಸ ಸಿಕ್ಕಿದ್ದು ಬೆಂಗಳೂರಿನಲ್ಲಿ. ಇಂದಿರಾನಗರದ ಪೊಮೆರೇನಿಯನ್ ನಾಯಿಗಳಿಗೆ ಚುಚ್ಚುಮದ್ದು, ಜೀವನ್ ಬಿಮಾ ನಗರದ ಗಿಳಿಗಳಿಗೆ ಉಗುರು ಕತ್ತರಿಸುವುದು, ಶಿವಾಜಿನಗರದ ಜಟಕಾ ಕುದುರೆಗಳ ಗೊರಸಿಗೆ ಮುಲಾಮು. ಬಂದು ಒಂದೂವರೆ ವರ್ಷವಾಗಿದ್ದರೂ ಒಂದೇ ಒಂದು ಆಡಿನ ಹೊಟ್ಟೆಗೆ ಕೈ ಇಟ್ಟಿರಲಿಲ್ಲ.

"ಡಾಕ್ಟರಬಾಯಿ, ನಿನ್ನಿಯಿಂದ ಬರೇ ತಿಣುಕತದ್ರಿ. ಮೇವು ಬಿಟ್ಟದ. ಹಲ್ಲು ಕಡಿತದ," ಎಂದಳು ಹೆಂಗಸು.

"ಉಚ್ಚಿ ಹೊಯ್ದದೇನು?" ಎಂದು ಕೇಳಿದೆ. ನನ್ನ ಬಾಯಿಂದ ಊರ ಮಾತು ಬಂದದ್ದು ಕೇಳಿ ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ನಮ್ಮ ಕಾಂಪೌಂಡರ್ ಇನ್ನೂ ಹೆಚ್ಚು ನೋಡಿದರು. ಅವರು ಹಲಸೂರಿನಲ್ಲೇ ಹುಟ್ಟಿ ಬೆಳೆದವರು, ಮನೆಯಲ್ಲಿ ತಮಿಳು, ಬೀದಿಯಲ್ಲಿ ದಖ್ಖನಿ, ನನ್ನ ಹತ್ತಿರ ಕನ್ನಡ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. "ಮೇಡಂ, ಇದು ಮಲಬದ್ಧತೆ. ಹರಳೆಣ್ಣೆ ಕುಡಿಸ್ಬಿಟ್ರೆ ಮಧ್ಯಾಹ್ನದೊಳ್ಗೆ ಸರಿ ಹೋಗುತ್ತೆ," ಎಂದರು. ನೋಡಿದವರಿಗೆ ಹಾಗೇ ಅನ್ನಿಸುತ್ತದೆ. ಉಚ್ಚೆ ಕಟ್ಟಿದ ಹೋತವೂ ಹಿಂಗಾಲು ಅಗಲಿಸಿ, ಬಾಲ ಕುಣಿಸಿ, ಮುಲುಕುತ್ತದೆ.

ನಾನು ಅಪ್ಪ ಕಲಿಸಿದ ಕ್ರಮದಲ್ಲೇ ನೋಡಿದೆ. ಮೊದಲು ದೂರ ನಿಂತು ಅದು ನಿಂತ ಭಂಗಿ. ಆಮೇಲೆ ಕಣ್ಣಿನ ಕೆಳರೆಪ್ಪೆ ಎಳೆದು ಬಣ್ಣ: ಕೆಂಪಗಿತ್ತು, ರಕ್ತಹೀನತೆಯಿಲ್ಲ. ಎಡಪಕ್ಕೆಗೆ ಮುಷ್ಟಿ ಒತ್ತಿ ಹಿಡಿದೆ. ಮೆಲುಕಿನ ಹೊಟ್ಟೆ ನಿಮಿಷಕ್ಕೆ ಒಂದು ಸಲವಾದರೂ ಹೊರಳಬೇಕು, ಇದು ಎರಡು ನಿಮಿಷಕ್ಕೆ ಒಮ್ಮೆ ಸೋಮಾರಿಯಂತೆ ಹೊರಳಿತು. ಹಿಕ್ಕೆ ಒಣಗಿತ್ತು, ಆದರೆ ಬರುತ್ತಿತ್ತು. ಕೊನೆಗೆ ಹೊಟ್ಟೆಯಡಿ ಬಗ್ಗಿ ಉಚ್ಚೆದ್ವಾರದ ಕೂದಲನ್ನು ಬೆರಳಲ್ಲಿ ಉಜ್ಜಿದೆ. ಕೂದಲು ಪೂರ್ತಿ ಒಣಗಿ, ತುದಿಯಲ್ಲಿ ಸಣ್ಣ ಬಿಳಿ ಮರಳು ಅಂಟಿತ್ತು. ಕಲ್ಲು ಕಟ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಏನು ತಿನ್ನಸ್ತಿ ಇದಕ್ಕ?"

ಅವಳು ಹೆಮ್ಮೆಯಿಂದಲೇ ಹೇಳಿದಳು. ಗೋಧಿ ಬೂಸಾ, ಅಕ್ಕಿ ನುಚ್ಚು, ಕಡಲೆ ಹೊಟ್ಟು, ಮತ್ತು ಅವಳು ಮನೆಗೆಲಸ ಮಾಡುವ ಜೀವನ್ ಬಿಮಾ ನಗರದ ಮೂರು ಮನೆಗಳಲ್ಲಿ ಮಿಕ್ಕ ಚಪಾತಿ. ಹೊರಗೆ ಮೇಯಲು ಬಿಡುವುದೇ ಇಲ್ಲವಂತೆ. ನೀರು? ಟ್ಯಾಂಕರ್ ವಾರಕ್ಕೆ ಎರಡು ಸಲ ಬರುತ್ತದೆ, ಅದರಲ್ಲಿ ಮನೆಗೆ ಎಷ್ಟು, ಹೋತಕ್ಕೆ ಎಷ್ಟು! ನನಗೆ ಸಿಟ್ಟು ಬಂತು. "ಹಸಿರು ಸೊಪ್ಪು ಒಂದು ಎಸಳಿಲ್ಲ, ನೀರಿಲ್ಲ, ಬರೇ ಕಾಳು ಬೂಸಾ. ನೀನೇ ಕೈಯಾರ ಕಲ್ಲು ಕಟ್ಟಿಸೀಯಲ್ಲ!" ಎಂದು ರೇಗಿದೆ. ರೇಗುವುದು ನನ್ನ ಸ್ವಭಾವ, ಅದರಲ್ಲೂ ಹೆದರಿದಾಗ ಹೆಚ್ಚು. ಅಳತೆಯ ಟೇಪು ತೆಗೆದು ಹೋತದ ಎದೆ ಸುತ್ತಳತೆ ತೆಗೆದುಕೊಂಡೆ. ತಕ್ಕಡಿ ಇಲ್ಲದ ಕಡೆ ಅದರಿಂದಲೇ ತೂಕ ಅಂದಾಜು ಮಾಡಬೇಕು. ಮೂವತ್ತೆರಡು ಕಿಲೋ ಎಂದು ಲೆಕ್ಕ ಹಾಕಿ, ಸೆಳೆತ ಸಡಿಲಿಸುವ ಔಷಧವನ್ನು ಸಿರಿಂಜಿಗೆ ಎಳೆದು, ತೊಡೆಗೆ ಚುಚ್ಚಿಯೇಬಿಟ್ಟೆ.

ಅವಳು ಚೀರಿದಳು. ಹೋತಕ್ಕಿಂತ ಜೋರಾಗಿ.

"ಕಬ್ಬಿಣ ತಾಗಿಸಿದ್ರಲ್ರಿ! ಗುಳಿಗಿ ಕೊಡ್ತೀರಿ ಅಂತ ಬಂದಿದ್ನಿ. ಹರಕಿ ಹೋತಕ್ಕ ಕಬ್ಬಿಣ ತಾಗಿಸಿದ್ರಲ್ರಿ!"

ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕಾಂಪೌಂಡರ್ ನೀರು ತಂದುಕೊಟ್ಟರು. ಅವಳು ಕುಡಿಯಲಿಲ್ಲ, ಹೋತಕ್ಕೆ ಕುಡಿಸಿದಳು. ಆಮೇಲೆ ತುಂಡುತುಂಡಾಗಿ ಕಥೆ ಹೊರಬಂತು.

ಅವಳದು ಯಾದಗಿರಿ ಕಡೆಯ ಊರು. ಗಂಡ ಕಟ್ಟಡದ ಕೆಲಸಕ್ಕೆ ಬಂದವನು, ಸಿ.ವಿ. ರಾಮನ್ ನಗರದ ಹತ್ತಿರ ಒಂದು ಬಾಡಿಗೆ ಕೋಣೆ. ನಾಲ್ಕು ವರ್ಷದ ಮಗಳಿಗೆ ಇಲ್ಲಿ ಜ್ವರ ನೆತ್ತಿಗೇರಿ ಫಿಟ್ಸ್ ಬಂದಿತ್ತು. ಆಸ್ಪತ್ರೆಯಲ್ಲಿ ಮಗು ಕಣ್ಣು ತೆರೆಯದ ಮೂರನೆಯ ದಿನ ಅವಳು ಊರಿನ ದ್ಯಾಮವ್ವನಿಗೆ ಹರಕೆ ಹೊತ್ತಳು. ಮಗಳು ಉಳಿದರೆ ಮರಿಯಿಂದ ಕೈಯಾರ ಸಾಕಿದ ಕಪ್ಪು ಹೋತ ತರುತ್ತೇನೆ, ಅದನ್ನು ತರುವವರೆಗೆ ಊರ ಅಗಸಿ ತುಳಿಯುವುದಿಲ್ಲ. ಅಗಸಿಯೆಂದರೆ ನಮ್ಮ ಕಡೆ ಊರ ಹೆಬ್ಬಾಗಿಲು. ಮಗಳು ಉಳಿದಳು. ಸಿಮೆಂಟಿನ ದೂಳಿನಲ್ಲಿ ಮಗು ಬೇಡವೆಂದು ಅವಳಕ್ಕ ಬಂದು ಊರಿಗೆ ಕರೆದುಕೊಂಡು ಹೋದಳು. ಹರಕೆ ಹೊತ್ತವಳು ಮಾತ್ರ ಇಲ್ಲೇ ಉಳಿದಳು.

ಮೊದಲು ಸಾಕಿದ ಹೋತ ಒಂದೂವರೆ ವರ್ಷದ್ದಾಗಿ ಸತ್ತಿತ್ತು. ಕೊಯ್ದು ನೋಡಿದರೆ ಹೊಟ್ಟೆಯ ತುಂಬ ಪ್ಲಾಸ್ಟಿಕ್ ಕವರುಗಳು, ಖಾಲಿ ಸೈಟುಗಳಲ್ಲಿ ಮೇಯ್ದ ಫಲ. ಅದಕ್ಕೇ ಎರಡನೆಯದನ್ನು ಗೂಟ ಬಿಟ್ಟು ಕದಲಿಸಿರಲಿಲ್ಲ. ಬೀದಿಯ ಒಂದು ಎಸಳೂ ಬಾಯಿಗೆ ಹೋಗದಂತೆ ಕಾದು, ತನ್ನ ತಟ್ಟೆಯ ಚಪಾತಿ ಹಾಕಿ ಸಾಕಿದ್ದಳು. ನಾನು ಅವಳ ಮೇಲೆ ರೇಗಿದ್ದು ಈ ಎಚ್ಚರಿಕೆಗೆ! "ಬೀಜ ಒಡಿಸಂಗಿಲ್ಲ, ಕಿವಿ ಕೊಯ್ಯಂಗಿಲ್ಲ, ಕಬ್ಬಿಣ ತಾಗಂಗಿಲ್ಲ. ನಮ್ಮ ಮನಿತನದ ನೇಮ ರೀ," ಎಂದಳು. ಮಗಳನ್ನು ನೋಡಿ ಮೂರು ವರ್ಷವಾಗಿತ್ತು.

ಇಂಥ ಕಲ್ಲು ಬಹಳ ಸಲ ಉಚ್ಚೆದಾರಿಯ ತುದಿಯಲ್ಲೇ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಸಣ್ಣದೊಂದು ಕತ್ತರಿಯ ಕೆಲಸವಿದೆ ಎಂದು ಹೇಳಿ ನೋಡಿದೆ. ಅವಳು ಹೋತದ ಹಗ್ಗವನ್ನು ಕೈಗೆ ಸುತ್ತಿಕೊಂಡಳು. ಚುಚ್ಚಿದ ಮೇಲೆ ಉಚ್ಚೆ ತೊಟ್ಟು ತೊಟ್ಟು ಬರತೊಡಗಿದ್ದರಿಂದ ಬಾಯಿಗೆ ಕೊಡುವ ಔಷಧಿಯನ್ನಾದರೂ ಕೊಡೋಣವೆಂದುಕೊಂಡೆ. ಅದಕ್ಕೆ ನವಸಾಗರ ಬೇಕು. ಉಚ್ಚೆಯನ್ನು ಹುಳಿಯಾಗಿಸಿ ಮರಳನ್ನು ಕರಗಿಸುವ ಉಪ್ಪು ಅದು. ನಮ್ಮ ಕಪಾಟಿನಲ್ಲಿ ಇರಲಿಲ್ಲ.

"ಶಿವಾಜಿನಗರದಲ್ಲಿ ಪಾತ್ರೆಗೆ ಕಲಾಯಿ ಹಾಕೋರ ಹತ್ರ ಇರುತ್ತೆ ಮೇಡಂ, ನಮ್ ಪರಿಚಯದೋನೇ," ಎಂದು ಕಾಂಪೌಂಡರ್ ಸೈಕಲ್ ಹತ್ತಿದರು. ಕಲಾಯಿಯ ನವಸಾಗರ ಎಷ್ಟು ಶುದ್ಧವೋ ಎಂಬ ಭಯ ನನಗೆ. ಕೂಗಿ ನಿಲ್ಲಿಸಿ, ಔಷಧಿಗೆ ಬಳಸುವಂಥದ್ದೇ ಬೇಕೆಂದೆ. ಅವರು ಕಲಾಯಿಯವನನ್ನೇ ಕೇಳಿ, ಅವನು ತೋರಿಸಿದ ಕೆಮಿಕಲ್ ಅಂಗಡಿಯಿಂದ ಶುದ್ಧವಾದ ಡಬ್ಬಿ ತಂದರು. ಎಂಟೆಂಟು ಗ್ರಾಂ ಪೊಟ್ಟಣ ಕಟ್ಟಿ, ಬೆಲ್ಲದ ನೀರಲ್ಲಿ ಕುಡಿಸಲು ಹೇಳಿ ಕಳುಹಿಸಿದೆ. ಅರ್ಧ ಮನಸ್ಸಿನ ಚಿಕಿತ್ಸೆ ಅದು, ನನಗೂ ಗೊತ್ತಿತ್ತು.

"ಉಳ್ಸಿ ಕೊಡೋದು ನಾವು, ಕಡ್ದು ತಿನ್ನೋದು ಅವ್ರು. ಯಾಕ್ ಮೇಡಂ ಇಷ್ಟು ತಲೆ ಕೆಡಿಸ್ಕೋತೀರಾ?" ಎಂದರು ಕಾಂಪೌಂಡರ್. ನಾನು ಆಡು ಸಾಕಿದವರ ಮನೆಯವಳು. ಆಡನ್ನು ಯಾಕೆ ಸಾಕುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅವರಿಗೆ ಅದನ್ನು ಹೇಳುವ ತಾಳ್ಮೆ ಆಗ ಇರಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಕಾಂಪೌಂಡರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಅವಳ ಕೋಣೆಯ ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಮರೆ, ಅದರೊಳಗೆ ಹೋತ. ಮಲಗಿತ್ತು. ತಲೆಯ ಮೇಲೆ ವಿಮಾನವೊಂದು ಇಡೀ ಓಣಿ ನಡುಗುವಂತೆ ಇಳಿದುಹೋಯಿತು. ಹೋತ ಕಿವಿ ಕೂಡ ಎತ್ತಲಿಲ್ಲ. ಹೊಟ್ಟೆಯ ಹಿಂಭಾಗಕ್ಕೆ ಎರಡೂ ಕೈ ಹಾಕಿ ಹಿಸುಕಿ ನೋಡಿದೆ. ಮೂತ್ರಕೋಶ ಗಟ್ಟಿಯಾಗಿ, ತೆಂಗಿನಕಾಯಿಯಂತೆ ಉಬ್ಬಿ ಕೈಗೆ ಸಿಕ್ಕಿತು. ಒಡೆದಿರಲಿಲ್ಲ. ಒಡೆದರೆ ಪ್ರಾಣಿಗೆ ಒಮ್ಮೆಲೇ ಹಾಯೆನಿಸುತ್ತದೆ, ನೋಡಿದವರು ಗುಣವಾಯಿತೆಂದು ಹಿಗ್ಗುತ್ತಾರೆ, ಆಮೇಲೆ ಒಂದೆರಡು ದಿನದಲ್ಲಿ ಅದು ಸಾಯುತ್ತದೆ. ಸಂಜೆಯವರೆಗೂ ಕಾಯುವ ಹಾಗಿರಲಿಲ್ಲ.

ಹೋತದ ಬೆನ್ನು ಒದ್ದೆಯಾಗಿತ್ತು. ಪಕ್ಕದಲ್ಲಿ ಅರಿಸಿನದ ನೀರಿನ ತಂಬಿಗೆ.

"ತಾಯಿನ ಕೇಳಿದ್ನಿ," ಎಂದಳು ಅವಳು. "ಮೈ ಒದರಲಿಲ್ರಿ. ಆಕಿಗಿ ಬ್ಯಾಡಾಗ್ಯದ."

ಕಾಂಪೌಂಡರಿಗೆ ನಾನು ವಿವರಿಸಬೇಕಾಯಿತು. ಹರಕೆಯ ಪ್ರಾಣಿಯ ಬೆನ್ನ ಮೇಲೆ ನೀರು ಹಾಕಿ ಒಪ್ಪಿಗೆ ಕೇಳುವುದು ನಮ್ಮ ಕಡೆಯ ಪದ್ಧತಿ. ಅದು ಮೈ ಒದರಿ ನೀರು ಕೊಡವಿತೋ, ದೇವಿ ಒಪ್ಪಿದಳು. ಸುಮ್ಮನೆ ನಿಂತಿತೋ, ಇಲ್ಲ. ಅವರು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ನಮ್ ಕತ್ರಿ ಸ್ಟೇನ್‌ಲೆಸ್ ಸ್ಟೀಲು, ಕಬ್ಬಿಣ ಅಲ್ಲ ಅಂತ ಹೇಳ್ಬಿಡಿ ಮೇಡಂ. ಮುಗೀತು."

ನಗು ಬಂತು, ಆಸೆಯೂ ಆಯಿತು. ಆದರೆ ಅವಳು ಹೋತದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ರೀತಿ ನೋಡಿದರೆ ಸುಳ್ಳು ಬಾಯಿಗೆ ಬರಲಿಲ್ಲ. ನಿನ್ನೆ ಕೇಳದೆ ಚುಚ್ಚಿದ್ದೇ ಸಾಕಾಗಿತ್ತು. ಅವಳ ಎದುರು ಕುಕ್ಕರಗಾಲಲ್ಲಿ ಕೂತೆ.

"ಅಕ್ಕಾ, ಕೇಳು. ಇದು ಕತ್ರಿನೇ, ಇದೂ ಕಬ್ಬಿಣನೇ. ಇದರ ಉಚ್ಚಿ ದಾರಿ ತುದಿಗೆ ಎರೆಹುಳದಂಥ ಒಂದು ಸಣ್ಣ ಬಾಲ ಇರ್ತದ. ಕಲ್ಲು ಅಲ್ಲಿ ಸಿಕ್ಕಿರಬೇಕು. ಅದನ್ನ ಕತ್ತರಿಸಿದ್ರ ಉಚ್ಚಿ ಬರಬಹುದು. ಬರದೇನೂ ಇರಬಹುದು. ಕತ್ತರಿಸದೆ ಇದ್ರ ನಾಳಿಗಿ ಇದು ಇರಂಗಿಲ್ಲ. ತಾಯಿ ಬ್ಯಾಡ ಅಂದಾಳೋ ಏನೋ ನನಗ ಗೊತ್ತಿಲ್ಲ. ಮೈ ಒದರಾಕ ಕಸುವು ಬೇಕು, ಈಗ ಇದಕ್ಕ ನಿಲ್ಲಾಕೂ ಕಸುವಿಲ್ಲ. ಕೇಳಿದ್ದು ಇದರ ಕಿವಿಗೇ ಬಿದ್ದಿಲ್ಲ ಅಂತ ತಿಳಕೋ."

ಅವಳು ಹೋತದ ಬೆನ್ನಿಗಂಟಿದ ಅರಿಸಿನವನ್ನು ಸೆರಗಿನಿಂದ ಒರೆಸಿದಳು. ಆಮೇಲೆ, "ನಿಮ್ಮೂರ ಅಗಸಿ ಎಲ್ಲದ ರೀ?" ಎಂದು ಕೇಳಿದಳು.

"ನೀರಾಗದ," ಎಂದೆ. "ಮುಳುಗಿ ಹೋಗ್ಯದ."

"ಹೋಗಬೇಕಂದ್ರೂ ಹೋಗಾಕ ಬರಂಗಿಲ್ಲ?"

"ಬರಂಗಿಲ್ಲ."

ಅವಳು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕತ್ತರಸ್ರಿ. ಒಮ್ಮೆ ತಾಗಿದ್ದು ತಾಗ್ಯದ. ಮೊದಲ ಇದು ಉಚ್ಚಿ ಹೊಯ್ಲಿ. ಆಮ್ಯಾಲ ಆಕಿ ಜೋಡಿ ನಾ ಮಾತಾಡ್ತೀನಿ."

ಕೆಲಸ ಚಿಕ್ಕದು, ಹಿಡಿದುಕೊಳ್ಳುವುದೇ ದೊಡ್ಡದು. ಹೋತವನ್ನು ಮನುಷ್ಯರಂತೆ ಕುಂಡೆಯ ಮೇಲೆ ಕೂರಿಸಿ, ಅದರ ಬೆನ್ನು ತನ್ನ ಎದೆಗೆ ಆನಿಸಿಕೊಂಡು, ಮುಂಗಾಲೆರಡನ್ನೂ ಅವಳೇ ಹಿಡಿದಳು. ಕಾಂಪೌಂಡರ್ ಹಿಂಗಾಲು ಹಿಡಿದರು. ನಾನು ಒಂದು ಕೈಯಿಂದ ಹಿಂದಿನಿಂದ ಒತ್ತಿ, ಇನ್ನೊಂದರಲ್ಲಿ ಗಾಜ್ ಬಟ್ಟೆ ಸುತ್ತಿ ಜನನಾಂಗವನ್ನು ಹೊರಗೆಳೆಯಬೇಕು. ಎರಡು ಸಲ ಜಾರಿ ಒಳಹೋಯಿತು. ಮೂರನೆಯ ಸಲ ಸಿಕ್ಕಿತು. ತುದಿಯ ಬಾಲ ಕಪ್ಪುಗೆಂಪಾಗಿ ಊದಿಕೊಂಡಿತ್ತು. ಬೆರಳುಗಳ ನಡುವೆ ಒಳಗಿನ ಕಲ್ಲು ಅಕ್ಕಿಯ ನುಚ್ಚಿನಂತೆ ತಗುಲಿತು. ಮರಗಟ್ಟಿಸುವ ಜೆಲ್ಲಿ ಹಚ್ಚಿ, ಕಾದು, ಕತ್ತರಿಸಿದೆ.

ಒಂದು ತೊಟ್ಟು ರಕ್ತ ಬಂತು, ಅದರ ಹಿಂದೆ ಮರಳು. ಉಚ್ಚೆ ಬರಲಿಲ್ಲ. ನಾನು ಮೇಲಿನಿಂದ ಕೆಳಕ್ಕೆ ನೀವುತ್ತ ಹೋದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಇನ್ನಷ್ಟು ಮರಳು, ಮತ್ತೆ ಏನೂ ಇಲ್ಲ, ಆಮೇಲೆ ಹನಿ, ಹನಿ, ಹನಿ. ಇದ್ದಕ್ಕಿದ್ದಂತೆ ಧಾರೆ ಹಾರಿ ಎದುರಿನ ತಗಡಿಗೆ ಬಡಿಯಿತು. ತಗಡು ತಟತಟ ಎಂದು ಸದ್ದು ಮಾಡಿತು. ಕಾಂಪೌಂಡರ್ ತಮಿಳಿನಲ್ಲಿ ಮುರುಗನನ್ನು ಕರೆದರು. ನನ್ನ ಏಪ್ರನ್ ತೊಯ್ದುಹೋಯಿತು. ಅವಳು ಹೋತದ ಕೊಂಬಿನ ನಡುವೆ ಮುಖವಿಟ್ಟು ಅಳುತ್ತಿದ್ದಳು. ನನಗೂ ಕಣ್ಣು ತುಂಬಿತ್ತು ಎಂದು ಬರೆಯಲು ಈಗ ನಾಚಿಕೆಯಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಮೂರನೆಯ ದಿನ ಧಾರೆ ಮತ್ತೆ ಸಣ್ಣದಾಯಿತು. ಮೇಲಿನಿಂದ ಇನ್ನೊಂದು ಕಲ್ಲು ಇಳಿದಿತ್ತೋ, ಊತವೋ ತಿಳಿಯದು. ಊತ ಇಳಿಸುವ ಔಷಧಿ ಕೊಟ್ಟು, ನವಸಾಗರ ಮುಂದುವರಿಸಿ, ಗಂಟೆಗೊಮ್ಮೆ ಅರ್ಧ ಲೀಟರ್ ನೀರು ಕುಡಿಸಲು ಹೇಳಿದೆ. ಅವಳು ಆ ದಿನ ಮೂರು ಮನೆಗಳ ಕೆಲಸಕ್ಕೂ ಹೋಗಲಿಲ್ಲ. ಮನೆಯ ಕೊಡದ ನೀರನ್ನೂ ಹೋತಕ್ಕೇ ಕುಡಿಸಿದಳು. ಮರುದಿನ ಧಾರೆ ಸರಿಯಾಯಿತು. ಬೂಸಾ, ಚಪಾತಿ ಎರಡೂ ಬಂದ್ ಮಾಡಿಸಿದೆ. ಸೊಪ್ಪು ಎಲ್ಲಿಂದ ಎಂದು ಅವಳು ಕೇಳಿದಾಗ ಕಾಂಪೌಂಡರೇ ದಾರಿ ತೋರಿಸಿದರು. ಹಲಸೂರು ಮಾರ್ಕೆಟ್ಟಿನಲ್ಲಿ ಎಸೆದ ಹೂಕೋಸಿನ ಎಲೆ, ಮೂಲಂಗಿ ಸೊಪ್ಪನ್ನು ಆರಿಸಿ, ಪ್ಲಾಸ್ಟಿಕ್ ಇಲ್ಲವೆಂದು ಒಂದೊಂದೇ ಎಲೆ ಬಿಡಿಸಿ ನೋಡಿ, ದಿನಾ ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದರು. "ನಾತ ಹೋಗಲ್ಲ ಮೇಡಂ, ಮನೇಲಿ ಹೆಂಡ್ತಿ ಒಳಗೇ ಬಿಡ್ತಿಲ್ಲ," ಎಂದು ದೂರುತ್ತಲೇ ಹೋಗಿ ಅದರ ಗಡ್ಡ ಕೆರೆಯುತ್ತಿದ್ದರು. ನನ್ನ ಆ ಏಪ್ರನ್ನನ್ನು ಧೋಬಿಗೆ ಹಾಕುತ್ತೇನೆಂದು ಅವರು ಎರಡು ಸಲ ಕೇಳಿದರು. ನಾಳೆ ಕೊಡೋಣ ಎಂದು ಎರಡು ಸಲವೂ ಬಾಗಿಲ ಹಿಂದಿನ ಮೊಳೆಗೇ ಅದನ್ನು ನೇತುಹಾಕಿದೆ.

ಎರಡು ವಾರ ಕಳೆದು ಒಂದು ಮಂಗಳವಾರ ಅವಳು ಹೇಳಿಕಳುಹಿಸಿದಳು. ತಾಯಿಯನ್ನು ಮತ್ತೆ ಕೇಳುವ ದಿನ. ಮೂರು ಸಲ ಕೇಳಬಹುದಂತೆ. ಅನಾರೋಗ್ಯದ ದಿನದ್ದು ಲೆಕ್ಕಕ್ಕಿಲ್ಲವೆಂದು ಅವಳೇ ತೀರ್ಮಾನಿಸಿದ್ದಳು. ಮಧ್ಯಾಹ್ನದ ಬಿಸಿಲಲ್ಲಿ ಹೋತ ಕುಂಕುಮ ಹಚ್ಚಿಸಿಕೊಂಡು ಗೂಟದ ಸುತ್ತ ಗತ್ತಿನಿಂದ ತಿರುಗುತ್ತಿತ್ತು. ಕಣ್ಣು, ಒಸಡು, ಹಿಕ್ಕೆ, ಧಾರೆ ಎಲ್ಲ ನೋಡಿದೆ. ಯಾವ ತಕರಾರೂ ಇರಲಿಲ್ಲ.

ಅವಳು ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಂಡು, ತಲೆಯಿಂದ ಬಾಲದವರೆಗೆ ನೀರು ಸುರಿದಳು. ಹೋತ ಮೂಲಂಗಿ ಸೊಪ್ಪು ಅಗಿಯುತ್ತ ನಿಂತಿತು. ಎರಡನೆಯ ಸಲ ಸುರಿದಳು. ಹಾಯಾಗಿ ಕಣ್ಣು ಮುಚ್ಚಿತು. "ಡಾಕ್ಟರಬಾಯಿ, ನನ್ನ ಕೈಲೆ ಆಗಂಗಿಲ್ರಿ. ಕಡೀ ಸಲದ್ದು ನೀವೇ ಹಾಕ್ರಿ," ಎಂದು ತಂಬಿಗೆ ನನ್ನ ಕೈಗಿಟ್ಟಳು.

ತಂಬಿಗೆ ಬೆಚ್ಚಗಿತ್ತು. ಕಾಯಿಲೆ ಬಿದ್ದು ಎದ್ದ ಜೀವಕ್ಕೆ ಚಳಿಯಾಗಬಾರದೆಂದು ನೀರು ಕಾಸಿದ್ದಳು!

"ಅಯ್ಯ, ತಾಯಿನ ಕಾಸಿದ ನೀರಾಗ ಕೇಳ್ತಾರೇನು?" ಎಂದು ಮತ್ತೆ ರೇಗಿದೆ. "ನಮ್ಮಲ್ಲಿ ಬಾವಿಯಿಂದ ಆಗಿಂದಾಗ ಸೇದಿದ ನೀರು ಹಾಕ್ತಿದ್ರು. ನಿಮ್ಮಲ್ಲಿ?"

"ನಮ್ಮಲ್ಲೂ ಬಾವಿದೇ ರೀ," ಎಂದಳು, ಮೆಲ್ಲಗೆ.

ನೆರಳಲ್ಲಿದ್ದ ಮಣ್ಣಿನ ಹರವಿಯಲ್ಲಿ ತಂಬಿಗೆ ಅದ್ದಿ ತಂದೆ. ತಣ್ಣೀರು ಬಿದ್ದರೆ ಆರೋಗ್ಯವಾದ ಆಡಿನ ಚರ್ಮ ಏನು ಮಾಡುತ್ತದೆಂದು ನಾನು ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ. ಆದರೂ ಹೋತದ ಬೆನ್ನ ಮೇಲೆ ತಂಬಿಗೆ ಎತ್ತಿ ಹಿಡಿದಾಗ ನಮ್ಮ ಮುಳುಗಿದ ಊರಿನ ದೇವಿಯ ಹೆಸರೇ ಬಾಯಿಗೆ ಬಂತು. ಅವಳನ್ನು ಹೊಸ ಕಾಲೊನಿಯ ಗುಡಿಗೆ ತಂದು ಕೂರಿಸಿದ್ದರು, ನಾನು ಒಮ್ಮೆಯೂ ಹೋಗಿ ನೋಡಿರಲಿಲ್ಲ. ಸುರಿದೆ.

ಕಿವಿಯಿಂದ ಶುರುವಾಯಿತು. ಕುತ್ತಿಗೆ, ಬೆನ್ನು, ಕುಂಡೆ, ಬಾಲದ ತುದಿಯವರೆಗೂ ಹೋತ ಇಡೀ ಮೈ ಒದರಿತು. ನಮ್ಮಿಬ್ಬರ ಮುಖವೂ ತೊಯ್ದಿತು.

"ಹೂಂ ಅಂದ್ಲು! ಹೂಂ ಅಂದ್ಲು ನೋಡ್ರಿ!" ಎಂದು ಅವಳು ಕೂಗಿದ ಕೂಗಿಗೆ ಪಕ್ಕದ ಕೋಣೆಯವರು ಹೊರಗೆ ಬಂದರು. ಒಬ್ಬೊಬ್ಬರಿಗೂ ಹೇಳಿದಳು. ಶನಿವಾರ ಹೊರಡುತ್ತೇವೆ, ಗಂಡ ಕಲ್ಲಂಗಡಿ ಲಾರಿಯವನ ಹತ್ತಿರ ಮಾತಾಡಿದ್ದಾನೆ, ವಾಪಸು ಹೋಗುವ ಖಾಲಿ ಲಾರಿಯಲ್ಲಿ ಹೋತವನ್ನೂ ಹತ್ತಿಸುತ್ತಾರೆ. ನಾನು ದಾರಿಗೆ ಬೇಕಾದ ನವಸಾಗರದ ಪೊಟ್ಟಣ ಕೊಟ್ಟು, ನಿಂತಲ್ಲೆಲ್ಲ ನೀರು ಕುಡಿಸಲು ಹೇಳಿ, ಚೀಲ ಕಟ್ಟುತ್ತಿದ್ದೆ.

ಗದ್ದಲ ಮುಗಿದು ಎಲ್ಲರೂ ಒಳಗೆ ಹೋದ ಮೇಲೆ ಅವಳು ಹತ್ತಿರ ಬಂದು ನಿಂತಳು. ಏನೋ ಕೇಳಬೇಕಿತ್ತು, ಕೇಳಲು ನಾಚಿಕೆ.

"ಹೋತ ಅಳೀತಿದ್ರಲ್ಲ, ಆ ಟೇಪ್ ಒಂದೀಟು ಕೊಡ್ರಿ."

ಕೊಟ್ಟೆ. ಒಂದು ತುದಿಯನ್ನು ಕಾಲಿನಿಂದ ಅದುಮಿ ನೆಲಕ್ಕೆ ಹಿಡಿದು, ಟೇಪನ್ನು ಮೇಲಕ್ಕೆಳೆದು, ತನ್ನ ಸೊಂಟದ ಹತ್ತಿರ ಹೆಬ್ಬೆರಳು ಇಟ್ಟಳು.

"ಮಗಳಿಗಿ ಅಂಗಿ ತಗೋಬೇಕ್ರಿ. ಹೋಗುವಾಗ ಇಷ್ಟಿದ್ಲು. ಈಗ ಏಳು ವರ್ಷ ಅಕಿಗಿ. ಏಳು ವರ್ಷದ ಹುಡುಗಿ ಎಷ್ಟು ಎತ್ತರ ಇರ್ತಾಳ್ರಿ?"

ಹೋತದ ವಯಸ್ಸಾದರೆ ಹಲ್ಲು ನೋಡಿ ಹೇಳಬಲ್ಲೆ. ಇದಕ್ಕೆ ನನ್ನ ಹತ್ತಿರ ಪಟ್ಟಿಯಿರಲಿಲ್ಲ. ಅವಳ ಹೆಬ್ಬೆರಳು ಟೇಪಿನ ಮೇಲೆ ಇನ್ನೂ ಅಲ್ಲೇ ಇತ್ತು, ಮೂರು ವರ್ಷದ ಹಿಂದಿನ ಎತ್ತರದಲ್ಲಿ.

"ಇನ್ನೊಂದೀಟು ಮ್ಯಾಲ ಹಿಡಿ, ಅಕ್ಕಾ," ಎಂದೆ. ಅವಳು ಒಂದು ಬೆರಳಷ್ಟು ಸರಿಸಿ ನನ್ನ ಮುಖ ನೋಡಿದಳು.

"ಇನ್ನೂ," ಎಂದೆ.